ರೊಟ್ಟಿ ಪುಟದ ಬೋಣಿ

ಪ್ರಾಜಕ್ತಾ ಕೀಬೋರ್ಡಿನ ಮೇಲಿಂದ ಕೈ ಹಿಂದಕ್ಕೆ ತೆಗೆದಳು. "ನನ್ನ ಕೈಲೆ ಬ್ಯಾಡ ರೂಪಾಲಿ. ಬೋಣಿ ಸುಲ್ತಾನಾನ ಕಡೆ ಮಾಡಸು," ಎಂದು ಪಕ್ಕದ ಕುರ್ಚಿಯ ವಿದ್ಯಾರ್ಥಿನಿಯನ್ನು ತೋರಿಸಿದಳು.

ತೆಲಸಂಗದಿಂದ ಅಥಣಿಗೆ, ಪ್ರಾಜಕ್ತಾಳ ಕಂಪ್ಯೂಟರ್ ಕ್ಲಾಸಿಗೆ ಬರುವ ರೂಪಾಲಿ, ಅವ್ವನ ರೊಟ್ಟಿ ವ್ಯಾಪಾರಕ್ಕೆಂದು ತಾನೇ ಒಂದು ವೆಬ್ ಪುಟ ಮಾಡಿದ್ದಳು. ಕಳೆದ ವಾರ ಅದರಲ್ಲಿ ಬರೆದದ್ದೆಲ್ಲ ರಿಫ್ರೆಶ್ ಒತ್ತಿದ ಕೂಡಲೇ ಮಾಯವಾಗುತ್ತಿತ್ತು. ಅದನ್ನು ಡೇಟಾಬೇಸಿನಲ್ಲಿ ಉಳಿಸುವ ಬಗೆಯನ್ನು ಪ್ರಾಜಕ್ತಾ ಮೊನ್ನೆಯಷ್ಟೇ ಕಲಿಸಿದ್ದಳು. ಇವತ್ತು ಬೋಣಿ, ಮೊದಲ ಆರ್ಡರು ಬೀಳಬೇಕು. ಆದರೆ ಗಂಡ ತೀರಿಕೊಂಡ ಮೇಲೆ ಯಾರೂ ಪ್ರಾಜಕ್ತಾಳ ಕೈಯಿಂದ ಏನನ್ನೂ ಶುರು ಮಾಡಿಸಿರಲಿಲ್ಲ. ತಂಗಿಗೆ ಅರಿಷಿಣ ಹಚ್ಚಿದ ದಿನವೂ ಅವಳು ಅಡುಗೆಮನೆಯಲ್ಲೇ ಉಳಿದಿದ್ದಳು.

"ಅವ್ವ ಹೇಳಿ ಕಳಿಸ್ಯಾಳ್ರಿ ಮೇಡಮ್," ರೂಪಾಲಿ ಕೀಬೋರ್ಡನ್ನು ಮತ್ತೆ ಅವಳ ಮುಂದೆ ಸರಿಸಿದಳು. "ಕಲಿಸಿದ ಕೈಲೇನ ಬೋಣಿ ಆಗ್ಬೇಕಂತ. ಎಲ್ಲಾ ಗೊತ್ತಿದ್ದೇ ಹೇಳ್ಯಾಳ್ರಿ."

ಪ್ರಾಜಕ್ತಾ ಬೆರಳುಗಳನ್ನು ಓಢಣಿಗೆ ಒರೆಸಿಕೊಂಡಳು. ಹೆಸರಿನ ಜಾಗದಲ್ಲಿ ತನ್ನ ಹೆಸರು, ರೊಟ್ಟಿಯ ಜಾಗದಲ್ಲಿ ಇಪ್ಪತ್ತು ಎಂದು ಬರೆದು ಸೇವ್ ಒತ್ತಿದಳು. ರೂಪಾಲಿ ಉಸಿರು ಬಿಗಿಹಿಡಿದು ರಿಫ್ರೆಶ್ ಮಾಡಿದಳು. ಪರದೆ ಬೆಳ್ಳಗಾಯಿತು. ಮತ್ತೆ ಮೂಡಿದಾಗ ಪ್ರಾಜಕ್ತಾಳ ಹೆಸರು ಆರ್ಡರ್ ಪಟ್ಟಿಯ ಮೊದಲ ಸಾಲಿನಲ್ಲಿ ಹಾಗೇ ಇತ್ತು.

"ಅಯ್ಯ, ಇಪ್ಪತ್ತು ರೊಟ್ಟಿ ಒಬ್ಬರ ತಿಂತೀರೇನ್ರಿ ಮೇಡಮ್?" ಪಕ್ಕದಲ್ಲಿ ಕುಳಿತಿದ್ದ ಸುಲ್ತಾನಾ ಕೇಳಿದಳು.

"ನಾಳೆ ಎಲ್ಲಾರೂ ಕೂಡಿ ತಿನ್ನೂಣು. ಪಲ್ಯಾ ನೀ ತಾ," ಎಂದಳು ಪ್ರಾಜಕ್ತಾ. ಅವಳ ಕೈ ಇನ್ನೂ ಕೀಬೋರ್ಡಿನ ಮೇಲೇ ಇತ್ತು.