ದಿನಕ್ಕೊಂದೇ ಬಾರಿ ಕೇಳಿದ ಬಾಗಿಲು

ಲೆಕ್ಕ ಸರಿಯಿದ್ದೂ ಮನುಷ್ಯ ತಪ್ಪುವುದುಂಟು... ಹೇಗೆಂಬುದನ್ನು ನಿಧಾನವಾಗಿ ಓದಿ.

ವಿಜಯಪುರದ ಹೊರವಲಯದಲ್ಲಿ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜ್. ಅದರ ದಪ್ಪ ಬಾಗಿಲು ತೆರೆಯುವುದೂ ಮುಚ್ಚುವುದೂ ಕಂಪ್ಯೂಟರಿನ ಅಪ್ಪಣೆಯಂತೆ.

ಆ ಬಾಗಿಲಿನ ಪ್ರೋಗ್ರಾಮ್ ಬರೆದವನು ಶಾಂತವೀರ. ಇಪ್ಪತ್ತೆಂಟರ ತರುಣ, ಕೆಲಸದಲ್ಲಿ ಚುರುಕು.

ಯಾರಾದರೂ ಗುಂಡಿ ಒತ್ತಿದರೆ ಪ್ರೋಗ್ರಾಮ್ ಮೊದಲು ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತಿತ್ತು: ಭದ್ರತೆ ಚಾಲ್ತಿಯಲ್ಲಿದೆಯೇ?

ಇದೆ ಎಂದರೆ ಬಾಗಿಲು ತೆರೆಯುವುದು. ಇಲ್ಲ ಎಂದರೆ, ಹೊರಗಿನವರಾರೋ ಕಂಪ್ಯೂಟರಿನೊಳಗೆ ನುಗ್ಗಿರಬಹುದೆಂದು, ಬಾಗಿಲು ಅಲುಗದು.

ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರ ಬರಲು ನಲವತ್ತು ಸೆಕೆಂಡು ಬೇಕು. ದಿನಕ್ಕೆ ತೊಂಬತ್ತು ಬಾರಿ... ಗುಣಿಸಿದರೆ ಪೂರ್ತಿ ಒಂದು ಗಂಟೆ.

ದ್ರಾಕ್ಷಿ ಆರಿಸುವ ಹೆಂಗಸರ ಮೇಲ್ವಿಚಾರಣೆ ದುಂಡವ್ವನದು. ಅರವತ್ತು ದಾಟಿದ ಆಕೆ ಬಾಕ್ಸ್ ಹೊತ್ತು ನಿಂತು ನಿಂತು ಒಂದು ದಿನ ಅಂದೇಬಿಟ್ಟಳು:

"ತಮ್ಮಾ, ನಿನ್ನ ಬಾಗಿಲಾ ತೆರಿಯೋದ್ರಾಗ ಈ ದ್ರಾಕ್ಷಿ ಹೊಳ್ಳಿ ಹೋಗಿ ಬಳ್ಳಿಗಿ ಹತ್ತತಾವ ನೋಡು."

ಹೆಂಗಸರೆಲ್ಲ ನಕ್ಕರು. ಶಾಂತವೀರನಿಗೆ ಆ ಮಾತು ನಾಟಿತು.

ಅಂದೇ ಪ್ರೋಗ್ರಾಮನ್ನು ತಿದ್ದಿದ. ಬೆಳಿಗ್ಗೆ ಏಳಕ್ಕೆ ಶುರುವಾದಾಗ ಒಂದೇ ಬಾರಿ ಕೇಳು... ಬಂದ ಉತ್ತರವನ್ನು ನೆನಪಿಟ್ಟುಕೋ... ಮತ್ತೆ ಶುರುವಾಗುವವರೆಗೆ ಅದನ್ನೇ ನಂಬು.

ಒಂದು ಗಂಟೆ ಉಳಿಯಿತು. ಕೋಲ್ಡ್ ಸ್ಟೋರೇಜಿನ ಸಾವ್ಕಾರರು ಎಲ್ಲರೆದುರು ಬೆನ್ನು ತಟ್ಟಿದರು. ಅದೇ ಉಮೇದಿನಲ್ಲಿ, ಬಾಗಿಲಿನ ಒಳಬದಿಯ ಮುರಿದ ಹಿಡಿಕೆಯನ್ನು ರಿಪೇರಿ ಮಾಡಿಸಬೇಕಾಗಿಲ್ಲ, ಗುಂಡಿ ಇದೆಯಲ್ಲ ಎಂದೂ ಅವನೇ ಹೇಳಿದ.

ಮುಂದೆ ಒಂದು ಅಮಾವಾಸ್ಯೆ. ಅಂದು ಮಾಲು ಒಳಗಿಡುವ, ಹೊರಗೆ ಕಳುಹಿಸುವ ರೂಢಿ ಅಲ್ಲಿಲ್ಲ. ಲಾರಿಗಳಿಲ್ಲ, ಆಫೀಸು ಖಾಲಿ. ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಮಾತ್ರ ದ್ರಾಕ್ಷಿ ಆರಿಸುತ್ತಿದ್ದರು.

ಹನ್ನೊಂದು ಗಂಟೆಗೆ ಶಾಂತವೀರ ಥರ್ಮಾಮೀಟರ್ ನೋಡಲು ಒಳಗೆ ಹೋದ. ಯಾರಿಗೂ ಹೇಳಲಿಲ್ಲ. ಐದು ನಿಮಿಷದ ಕೆಲಸಕ್ಕೆ ಹೇಳುವುದೇನು?

ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿನಲ್ಲೇ ಕರೆಂಟು ಹೋಯಿತು... ಮರುಕ್ಷಣ ಬಂತು.

ಕೆಲಸ ಮುಗಿಸಿ ಗುಂಡಿ ಒತ್ತಿದ. ಕೆಂಪು ದೀಪ.

ಮತ್ತೆ ಒತ್ತಿದ. ಕೆಂಪು.

ಮೂರನೆಯ ಸಲಕ್ಕೆ ಅವನಿಗೆ ವಿಷಯ ಹೊಳೆಯಿತು.

ಕರೆಂಟು ಹೋದಾಗ ಕಂಪ್ಯೂಟರ್ ಆರಿ, ಮತ್ತೆ ಹೊತ್ತಿಕೊಂಡಿತ್ತು. ಭದ್ರತೆ ಪೂರ್ತಿ ಎಚ್ಚರಗೊಳ್ಳುವ ಮೊದಲೇ ಪ್ರೋಗ್ರಾಮ್ ಎದ್ದು ಪ್ರಶ್ನೆ ಕೇಳಿತ್ತು. 'ಇಲ್ಲ' ಎಂಬ ಉತ್ತರ ಬಂದಿತ್ತು.

ಒಂದೆರಡು ನಿಮಿಷದಲ್ಲೇ ಭದ್ರತೆ ಎಚ್ಚೆತ್ತಿರುತ್ತದೆ. ಆದರೆ ಪ್ರೋಗ್ರಾಮ್ ಮತ್ತೆ ಕೇಳುವುದಿಲ್ಲ... ಕೇಳಬೇಡವೆಂದು ಕಲಿಸಿದವನು ಅವನೇ.

ಇನ್ನು ಅದು ಕೇಳುವುದು ನಾಳೆ ಬೆಳಿಗ್ಗೆ ಏಳಕ್ಕೆ. ಹನ್ನೊಂದರಿಂದ ಏಳಕ್ಕೆ ಇಪ್ಪತ್ತು ಗಂಟೆ. ಒಳಗಿನ ಚಳಿ ನಾಲ್ಕು ಡಿಗ್ರಿ. ಮೈಮೇಲೆ ತೆಳ್ಳನೆಯ ಅಂಗಿ.

ಮೊಬೈಲಿಗೆ ಸಿಗ್ನಲ್ ಇಲ್ಲ. ಬಾಗಿಲು ಬಡಿದ, ಕೂಗಿದ. ಗೋಡೆಗಳ ದಪ್ಪ ಅವನ ದನಿಯನ್ನು ನುಂಗಿತು.

ಹಾಳೆಯ ಮೇಲೆ ಅವನ ಲೆಕ್ಕದಲ್ಲಿ ಒಂದು ಸೆಕೆಂಡಿನ ತಪ್ಪೂ ಇರಲಿಲ್ಲ. ಬಾಕ್ಸುಗಳ ನಡುವೆ ಮುದುರಿ ಕುಳಿತು ಅದನ್ನೇ ನೆನೆದ. ಬೆರಳುಗಳು ಸೆಟೆದವು... ಹಲ್ಲು ಕಟಕಟಿಸಿದವು... ಆಮೇಲೆ ನಿದ್ದೆ ಬರತೊಡಗಿತು. ನಿದ್ದೆ ಮಾಡಿದರೆ ಏಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಒಂದೂವರೆಯ ಸುಮಾರಿಗೆ ಹೊರಗಿನಿಂದ ಧಡಧಡ ಸದ್ದು. ಕಬ್ಬಿಣದ ಮೇಲೆ ಕಬ್ಬಿಣ. ಬಾಗಿಲಿನ ಕೀಲುಗಳನ್ನೇ ಬಿಚ್ಚಿ, ಊರಿನಿಂದ ಕರೆಸಿದ ಮೆಕ್ಯಾನಿಕ್ ಅದನ್ನು ಓರೆಯಾಗಿಸಿದ. ಬಿಸಿಲು ಒಳಗೆ ಬಿತ್ತು. ಅದರ ಜೊತೆಗೇ ಒಳಗೆ ಬಂದವಳು ದುಂಡವ್ವ.

ತನ್ನ ಸೆರಗನ್ನೇ ಅವನ ಹೆಗಲಿಗೆ ಸುತ್ತಿ ಹೊರಗೆ ಕರೆತಂದಳು. ಬಿಸಿ ಚಹಾ ಕುಡಿಸಿದಳು. ಮಾತು ಬಂದಾಗ ಅವನು ಕೇಳಿದ್ದು ಒಂದೇ: ನಾನು ಒಳಗಿರುವುದು ನಿಮಗೆ ಹೇಗೆ ತಿಳಿಯಿತು, ಯಾರನ್ನು ಕೇಳಿದಿರಿ?

"ಕೇಳಾಕ ಹೊತ್ತೆಲ್ಲಿ ಐತಪಾ? ಒಳಗ ಹೋಗಾವ್ರು ಕಾಲಾಗಿನ ಚಪ್ಪಲಿ ಹೊರಗ ಬಿಡತಾರಲ್ಲ, ಇಲ್ಲಿ ಹಾದು ಹೋಗೂ ಮುಂದ ಅದನ್ನಷ್ಟ ನೋಡ್ಕೋಂತ ಹೋಗತೀನಿ. ಊಟಕ್ಕ ಹೊಂಟಾಗ ನಿನ್ನ ಬೂಟು ಕಂಡ್ವು. ಈ ಹೆಣ್ಮಕ್ಕಳು, ಅವಾ ಮನಿಗಿ ಹೋಗ್ಯಾನ ಅಂದ್ರು. ಬರಿಗಾಲಿಲೆ ಹೋಗ್ಯಾನೇನ ಅಂದೆ."

ಅವಳು ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಆಮೇಲೆ ದನಿ ಇಳಿಸಿ ಹೇಳಿದಳು.

"ನಾನೂ ಮೊದಲು ಒಳಗ ಯಾರರ ಅದಾರೇನು ಅಂತ ಮುಂಜಾನೆ ಒಂದ ಸಲ ಕೇಳಿ ಸುಮ್ಮನಾಗ್ತಿದ್ದೆ, ತಮ್ಮಾ. ಎಲ್ಲಾರೂ ಹೊರಗ ಅದಾರ ಅಂದಿದ್ರು. ಅವತ್ತ ನನ್ನ ತಂಗಿ ಸಂಜಿತನಕ ಒಳಗ ಉಳದ್ಲು. ಜೀವ ಉಳೀತು... ಆದರ ಆಕಿ ಮತ್ತ ಈ ಗೇಟಿನೊಳಗ ಕಾಲಿಡಲಿಲ್ಲ."

ಶಾಂತವೀರ ಅಂಗೈಗಳ ನಡುವೆ ಹಿಡಿದಿದ್ದ ಚಹಾದ ಲೋಟ ಕೆಳಗಿಟ್ಟ. ಕಣ್ಣೀರು ಕೆನ್ನೆಗಿಳಿಯಿತು, ಒರೆಸಿಕೊಳ್ಳಲು ಬೆರಳು ಮಡಚುತ್ತಿರಲಿಲ್ಲ. ದುಂಡವ್ವನೇ ಒರೆಸಿದಳು.

ಮರುದಿನ ಅವನು ಸಾವ್ಕಾರರ ಮುಂದೆ ನಿಂತು ತಪ್ಪು ಒಪ್ಪಿಕೊಂಡ. ಮೊದಲು ಹಿಡಿಕೆ ಸರಿಮಾಡಿಸಿದ. ಆಮೇಲೆ ಪ್ರೋಗ್ರಾಮನ್ನು ಹೊಸದಾಗಿ ಬರೆದ.

ಈಗ ಆಪರೇಟಿಂಗ್ ಸಿಸ್ಟಮ್ ತನ್ನ ಸ್ಥಿತಿಯನ್ನು ಪ್ರೋಗ್ರಾಮಿಗೆ ಕಾಣುವಂಥ ಒಂದು ಜಾಗದಲ್ಲಿ ಅಂಕಿಯಾಗಿ ಬರೆದಿಡುತ್ತದೆ. ಸ್ಥಿತಿ ಬದಲಾದರೆ ಅಲ್ಲಿಯ ಅಂಕಿಯೂ ಬದಲಾಗುತ್ತದೆ.

ಪ್ರೋಗ್ರಾಮ್ ಪ್ರತಿಬಾರಿಯೂ ಪ್ರಶ್ನೆ ಕೇಳಿ ಕಾಯುವುದಿಲ್ಲ. ಒಮ್ಮೆ ಕೇಳಿ ಮರೆಯುವುದೂ ಇಲ್ಲ. ಬಾಗಿಲು ತೆರೆಯುವ ಮುನ್ನ ಆ ಜಾಗದ ಮೇಲೆ ಒಂದು ಕಣ್ಣು ಹಾಯಿಸುತ್ತದೆ... ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಡ.

ಯಾರಿಂದ ಕಲಿತೆ ಎಂದು ಸಾವ್ಕಾರರು ಕೇಳಿದಾಗ ಅವನು ಶೆಡ್ಡಿನ ಕಡೆ ಕೈ ತೋರಿಸಿದ. ಅಲ್ಲಿ ದುಂಡವ್ವ ದ್ರಾಕ್ಷಿಯ ತೊಟ್ಟು ಬಿಡಿಸುತ್ತ ಯಾರನ್ನೋ ಗದರುತ್ತಿದ್ದಳು.

ನಿನ್ನೆಯ ಉತ್ತರ ನಿನ್ನೆಗೆ ಮಾತ್ರ ಸತ್ಯ. ಇಂದಿನದನ್ನು ಇಂದೇ ಕಣ್ಣಾರೆ ನೋಡಬೇಕು.

ನಿಮ್ಮವರೊಬ್ಬರು ಎಂದೋ ಒಮ್ಮೆ "ನಾನು ಚೆನ್ನಾಗಿದ್ದೇನೆ" ಎಂದಿದ್ದರು... ಆ ಉತ್ತರ ಇಂದಿಗೂ ನಿಜವೇ, ನೋಡಿದ್ದೀರಾ?