ಹನ್ನೊಂದರ ಎಣಿಕೆ

ಕಣ್ಣೆದುರೇ ಮೋಸ ನಡೆಯುತ್ತಿತ್ತು. ಮೆಕ್ಯಾನಿಕ್‌ಗೆ ಮೈ ಉರಿದುಹೋಯಿತು.

ಕಾರು ಕಾರ್ಖಾನೆಯ ಹಳೇ ಪರೀಕ್ಷಾ ರಸ್ತೆ ಅದು, ನೂಲು ಹಿಡಿದಂತೆ ನೇರ. ಯಜಮಾನರು ನಿನ್ನೆ ಹೆಜ್ಜೆ ಎಣಿಸಿ ರಸ್ತೆಗೆ ಅಡ್ಡಲಾಗಿ ಇಟ್ಟಿದ್ದ ಪ್ಲಾಸ್ಟಿಕ್ ಕೋನುಗಳನ್ನು ಅವರ ಮಗಳು ಇಪ್ಪತ್ತು ಮಾರು ಮುಂದಕ್ಕೆ ಒಯ್ದಿಟ್ಟಳು. ಅದೂ ಅಪ್ಪ ಹತ್ತು ಹೆಜ್ಜೆ ದೂರದಲ್ಲಿ ತಮ್ಮ ಹಳೇ ಕಾರಿಗೆ ಒರಗಿ ನಿಂತಿರುವಾಗಲೇ. ಎಂಥ ಭಂಡತನ! ಓಟ ಉದ್ದವಾದಷ್ಟೂ ವೇಗ ಹೆಚ್ಚು. ಐವತ್ತು ವರ್ಷದ ಬ್ರೇಕಿಗೆ ಅದನ್ನು ತಡೆಯುವುದು ಕಷ್ಟವೆಂದು ಅವಳಿಗೆ ಗೊತ್ತಿಲ್ಲವೇ?

ಯಜಮಾನರು ಚಕಾರವೆತ್ತಲಿಲ್ಲ. ಅವರ ಗತ್ತೇ ಹಾಗೆ. ಮಗಳ ಹೊಸ ಸ್ಪೋರ್ಟ್ಸ್ ಕಾರಿನತ್ತ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಸದ್ದು ಕೇಳಿಯೇ ಅದಕ್ಕೆ ಮಿಕ್ಸಿ ಎಂದು ಹೆಸರಿಟ್ಟಿದ್ದರು.

ಜಗಳ ಶುರುವಾದದ್ದು ಮೊಮ್ಮಗಳ ವಿಷಯಕ್ಕೆ. ಸೋಮವಾರದಿಂದ ತಾನೇ ಅವಳನ್ನು ಕಾರಿನಲ್ಲಿ ಶಾಲೆಗೆ ಬಿಡುತ್ತೇನೆಂದು ಯಜಮಾನರು ಪಟ್ಟು ಹಿಡಿದರು. ಆ ಡಬ್ಬಿಯಲ್ಲಿ ನನ್ನ ಮಗಳು ಕೂರುವುದಿಲ್ಲ ಎಂದಳು ಮಗಳು. ಡಬ್ಬಿಯಂತೆ! ನಲವತ್ತು ವರ್ಷ ಇದೇ ರಸ್ತೆಯಲ್ಲಿ ಕಾರು ಪರೀಕ್ಷಿಸಿದ ಮನುಷ್ಯ ಕೆರಳದೆ ಇರುತ್ತಾರೆಯೇ? ಎರಡೂ ಓಡಲಿ ಎಂದರು. ಪೂರ್ತಿ ವೇಗದಲ್ಲಿ ಬಂದು, ಕೋನಿಗೆ ತಾಗದಂತೆ ಯಾವುದು ಹೆಚ್ಚು ಹತ್ತಿರ ನಿಲ್ಲುತ್ತದೋ ಅದು ಗೆದ್ದಂತೆ. ಹಳೇದು ಸೋತರೆ ಅದರ ಕೀಲಿ ಮಗಳಿಗೆ.

ಮೆಕ್ಯಾನಿಕ್ ಸರಸರನೆ ಅವಳ ಬಳಿ ಹೋದ.

“ಇದು ನ್ಯಾಯಾನಾ ಅಮ್ಮ? ನಾನು ಯಜಮಾನ್ರಿಗೆ ಹೇಳ್ತೀನಿ.”

“ನೀವೇನೂ ಹೇಳ್ಬೇಡಿ ಮಾಮ. ಕೋನು ಎಲ್ಲಿದೆ ಅಂತ ಅವರಿಗೇ ಕಾಣತ್ತಲ್ಲ.”

ಅವಳ ದನಿಯಲ್ಲೂ ಸಿಟ್ಟಿತ್ತು. ಗೆಲ್ಲುವ ಹಟ ಎಂದುಕೊಂಡು ಅವನು ಹಲ್ಲು ಕಚ್ಚಿದ. ಹೆತ್ತಪ್ಪನ ಮೇಲೆ ಇಷ್ಟೊಂದು ಹಗೆಯೇ?

ಎಂಜಿನ್ ಬಿಸಿಮಾಡಿ ಕಾರನ್ನು ಓಟ ಶುರುವಾಗುವ ಗೆರೆಗೆ ಒಯ್ಯುವುದು ಯಾವತ್ತೂ ಮೆಕ್ಯಾನಿಕ್‌ನ ಕೆಲಸ. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಯ್ದ. ಅವರನ್ನು ಅಲ್ಲಿ ಬಿಟ್ಟು, ಹಿಂದೆಯೇ ಬಂದಿದ್ದ ಮಗಳ ಕಾರು ಹತ್ತಿ ಅವಳ ಪಕ್ಕದಲ್ಲಿ ಕೂತ. ಅದು ಬಾಣದಂತೆ ನುಗ್ಗಿ, ಕೋನಿಗೆ ಒಂದು ಮೊಳ ಬಿಟ್ಟು ನಿಂತಿತು. ಅವಳ ಮುಖದಲ್ಲಿ ನಗುವಿರಲಿಲ್ಲ.

ಈಗ ಹಳೇ ಕಾರಿನ ಸರದಿ. ಅವಳು ತನ್ನ ಕಾರನ್ನು ರಸ್ತೆಯ ಬದಿಗೆ ಸರಿಸಿ ಹಾರ್ನ್ ಒತ್ತಿದಳು. ಆಚೆ ತುದಿಯಲ್ಲಿ ಎಂಜಿನ್ ಗುಡುಗಿತು. ಮೆಕ್ಯಾನಿಕ್ ಮನಸ್ಸಿನಲ್ಲೇ ಎಣಿಸತೊಡಗಿದ. ಹನ್ನೊಂದಕ್ಕೆ ಬ್ರೇಕು, ಅದು ಯಜಮಾನರ ಪದ್ಧತಿ. ಕೋನು ಮುಂದೆ ಹೋಗಿದೆ, ಇವತ್ತು ಹನ್ನೆರಡಾದರೂ ದಾಟಬೇಕು. ದಾಟಿಸುತ್ತಾರೆ, ಈ ಹುಡುಗಿಯ ಸೊಕ್ಕು ಮುರಿಯುತ್ತಾರೆ.

ಸರಿಯಾಗಿ ಹನ್ನೊಂದಕ್ಕೆ ಟೈರುಗಳು ಕಿರುಚಿದವು. ಕಾರು ಕೂದಲೆಳೆಯಷ್ಟೂ ವಾಲದೆ ನಿಂತಿತು. ಯಜಮಾನರು ಇಳಿದು, ಬಾನೆಟ್ ಸವರಿಕೊಂಡು ಮುಂದೆ ಬಂದರು.

“ಬಂದು ಅಳೆ. ಬಂಪರಿಗೂ ಕೋನಿಗೂ ಒಂದು ಗೇಣು ಇದ್ರೆ ಹೆಚ್ಚು” ಎಂದು ಮಗಳನ್ನು ಗದರಿ, ಇಪ್ಪತ್ತು ಮಾರು ಖಾಲಿ ರಸ್ತೆಗೆ ಎದುರಾಗಿ ನಿಂತು, ಕೀಲಿಯನ್ನು ಜೇಬಿಗೆ ಹಾಕಿಕೊಂಡರು.