ಅರ್ಪಣಾ ಪಾತ್ರೆ

ಹಳೆಯ ಕಲ್ಲಿನ ಕುಳಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಅಬೇದಾ ನಾಲ್ಕು ಪೆಟ್ಟು ಕುಟ್ಟಿದ್ದಳೋ ಇಲ್ಲವೋ, ಚಪ್ಪರದಡಿಯ ಗೋಷ್ಠಿ ಬಿಟ್ಟು ಪ್ರೊಫೆಸರ್ ನಾಗಲಿಂಗ ಓಡೋಡಿ ಬಂದರು.

“ನಿಲ್ಲಿಸಿ! ಇದು ಸಾವಿರ ವರ್ಷ ಹಳೆಯ ಅರ್ಪಣಾ ಪಾತ್ರೆ!”

“ಇದು ನಮ್ಮ ಅಮ್ಮೀದ ಒಳಕಲ್ಲರಿ ಸರ,” ಎಂದಳು ಅಬೇದಾ. “ಇಲ್ಲೇ ನಮ್ಮ ಅಡಗಿಮನಿ ಇತ್ತು. ಮುಳುಗಡಿ ಆದಾಗ ಹೊರಾಕ ಆಗದ ಬಿಟ್ಟು ಹೋಗೀವಿ.”

ಬಾಗಲಕೋಟೆಯ ಹಿನ್ನೀರಿನ ಆ ನಡುಗಡ್ಡೆಯಲ್ಲಿ ಪ್ರತಿ ಬೇಸಿಗೆಯೂ ನೀರಿಳಿದಾಗ ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರದ ವಿದ್ವಾಂಸರು ಮೂರು ದಿನ ಸೇರುತ್ತಿದ್ದರು. ಈ ಸಲದ ಚರ್ಚೆಯೆಲ್ಲ ಈ ಕಲ್ಲಿನದೇ. ಅವರಿಗೆ ಅಡುಗೆ ಮಾಡಲು ಅಬೇದಾ ಒಪ್ಪಿದ್ದೂ ಇದೇ ಕಲ್ಲಿಗಾಗಿ. ಹಾಸಿಗೆ ಹಿಡಿದ ತಾಯಿ ನರ್ಗೀಸ, ಮಿಕ್ಸಿಯ ಚಟ್ನಿ ಮುಂದಿಟ್ಟಾಗಲೆಲ್ಲ ತಟ್ಟೆ ಸರಿಸಿ ಈ ಒಳಕಲ್ಲಿನ ಚಟ್ನಿಯನ್ನೇ ಕೇಳುತ್ತಿದ್ದಳು. ವಿದ್ವಾಂಸರನ್ನು ದಾಟಿಸುವ ದೋಣಿ ಅವಳ ತಮ್ಮ ಮಲೀಕಸಾಬನದೇ. ಹಿಂದಿರುಗುವಾಗ ಕಲ್ಲನ್ನೂ ಹಾಕಿಕೊಂಡರಾಯಿತು ಎಂದುಕೊಂಡಿದ್ದಳು.

“ನಿಮ್ಮದು ಅನ್ನೋಕೆ ಪುರಾವೆ ಏನಿದೆ?” ಎಂದರು ನಾಗಲಿಂಗರು.

ಅಬೇದಾ ಕಲ್ಲಿನ ಅಂಚು ಸವರಿದಳು. “ಇಲ್ಲಿ ಚಕ್ಕಿ ಎದ್ದೈತಿ ನೋಡ್ರಿ. ನಾ ಸಣ್ಣಾಕಿ ಇದ್ದಾಗ ಗುಂಡಕಲ್ಲು ಎತ್ತಿ ಹಾಕಿದ್ದೆ. ಅಮ್ಮಿ ಕಡೆ ಭಾಳ ಹೊಡತ ತಿಂದೀನ್ರಿ.”

ಪಕ್ಕದಲ್ಲಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಪ್ರಿಯದರ್ಶಿನಿ ತಗ್ಗಿದ ದನಿಯಲ್ಲಿ ಹೇಳಿದಳು: “ಸರ್, ಅದನ್ನ ನೀವು ಲೇಖನದಲ್ಲಿ ಶತ್ರು ದಾಳಿಯ ಗುರುತು ಅಂತ ಬರೆದಿದ್ದೀರಿ.”

ನಾಗಲಿಂಗರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಅಚ್ಚಾಗಿದೆಯಮ್ಮ. ಅಚ್ಚಾದ ಮೇಲೆ ಇದು ನಿಮ್ಮನೆ ಒರಳಾಗೋಕೆ ಬರೋಲ್ಲ. ಮುಂದಿನ ವಾರ ವಸ್ತುಸಂಗ್ರಹಾಲಯಕ್ಕೆ ಹೋಗುತ್ತೆ.”

“ಅಮ್ಮಿ ಇನ್ನ ಎಷ್ಟ ದಿನ ಇರ್ತಾಳೋ ಏನೋರಿ...”

ಅವರು ಕೇಳಿಸಿಕೊಳ್ಳಲಿಲ್ಲ. ಕಲ್ಲಿನೊಳಗಿನ ಕೆಂಪು ಮುದ್ದೆಯನ್ನೇ ನೋಡುತ್ತಿದ್ದರು. ಮೆಲ್ಲಗೆ ಅವರ ಮುಖ ಅರಳಿತು.

“ಪ್ರಿಯದರ್ಶಿನಿ, ಬರೆದುಕೋ. ಸ್ಥಳೀಯ ಮಹಿಳೆಯರು ಇಂದಿಗೂ ಈ ಪಾತ್ರೆಯಲ್ಲಿ ಕೆಂಪು ದ್ರವ್ಯ ಅರ್ಪಿಸುತ್ತಾರೆ.” ಆಮೇಲೆ ಅಬೇದಾಳತ್ತ ಬಾಗಿ ಬಲು ಗೌರವದಿಂದ ಕೇಳಿದರು: “ಕುಟ್ಟುವಾಗ ಏನಾದರೂ ಮಂತ್ರ ಹೇಳ್ತೀರಾ?”

“ಉಪ್ಪು ಹಾಕೀನೋ ಇಲ್ಲೋ ಅಂತ ನೆನಸ್ಕೋತೀನ್ರಿ. ಅಷ್ಟ.”

ಪ್ರಿಯದರ್ಶಿನಿಯ ಪೆನ್ನು ನಿಂತಿತು. ಅವಳು ಗುರುಗಳ ಮುಖ ನೋಡಿದಳು.

“ಬರಿ,” ಎಂದರು ನಾಗಲಿಂಗರು. “ಮಂತ್ರ ಮರೆತುಹೋಗಿದೆ.”